1916ರ ಇಂಗ್ಲಿಷ್ ಕೈಗಡಿಯಾರ: ಸ್ಪೇರ್ ಸಿಗದ ವಾಚಿನ ರಿಪೇರಿ ದಾಖಲೆ

ಮೊದಲೇ ಹೇಳಿಬಿಡುತ್ತೇನೆ, ಈ ವಾಚಿಗೆ ಸ್ಪೇರ್ ಅಂತ ಒಂದು ಇಲ್ಲವೇ ಇಲ್ಲ. ನಾನು ಕೈ ಪಳಗಿಸಿಕೊಂಡಿದ್ದು ಎಚ್‌ಎಂಟಿ ಜನತಾ ವಾಚುಗಳ ಮೇಲೆ. ಅದರೊಳಗೆ ಓಡುವ 0231 ಮೆಶಿನ್‌ನಲ್ಲಿ ಬ್ಯಾಲೆನ್ಸ್ (ಅತ್ತಿತ್ತ ತೂಗಿ ಸಮಯ ಅಳೆಯುವ ಚಕ್ರ) ಹಾಳಾದರೆ ಇನ್ನೊಂದು ಜನತಾದಿಂದ ತೆಗೆದು ಹಾಕಿದರಾಯಿತು, ಹೆಚ್ಚುಕಮ್ಮಿ ಓಡುತ್ತದೆ. ಇಲ್ಲಿ ಹಾಗಲ್ಲ. ಒಂದೇ ಕಾರ್ಖಾನೆಯಿಂದ ಬಂದ ಎರಡು ಹಳೆ ಇಂಗ್ಲಿಷ್ ವಾಚುಗಳ ನಡುವೆ ಸ್ಕ್ರೂ ಕೂಡ ಅದಲುಬದಲಾಗದೇ ಇರಬಹುದು. ಮುರಿದದ್ದನ್ನು ನಾವೇ ಮಾಡಿಕೊಳ್ಳಬೇಕು.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಒಂದು ಕಾಲದಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್, ಲಂಕಾಶೈರ್ ಕಡೆಯ ಪ್ರೆಸ್ಕಾಟ್, ಜೊತೆಗೆ ಈ ಊರು, ಈ ಮೂರು ಕಡೆ ಇಂಗ್ಲಿಷ್ ವಾಚಿನ ಕೆಲಸ ಜೋರಾಗಿ ನಡೆಯುತ್ತಿತ್ತು. ಪ್ರೆಸ್ಕಾಟ್‌ನಲ್ಲಿ ಒರಟು ಮೆಶಿನ್ ತಯಾರಾಗುತ್ತಿತ್ತು. ಕವೆಂಟ್ರಿಯಲ್ಲೋ ಲಂಡನ್ನಿನಲ್ಲೋ ಅದನ್ನು ತೀಡಿ, ಚಕ್ರದ ಅಚ್ಚು ತಿರುಗುವ ಪುಟ್ಟ ಕಲ್ಲು ಕೂರಿಸಿ, ಚಿನ್ನದ ಲೇಪ ಕೊಟ್ಟು ಮುಗಿಸುತ್ತಿದ್ದರು. ಇಲ್ಲಿನ ಚಾಪೆಲ್‌ಫೀಲ್ಡ್ಸ್ ಬೀದಿಗಳಲ್ಲಿ ಈಗಲೂ ಮೇಲಿನ ಮಹಡಿಗೆ ಅಗಲ ಕಿಟಕಿ ಇರುವ ಮನೆಗಳಿವೆ. ಬೆಳಕು ಬೇಕಲ್ವಾ, ಅದಕ್ಕೆ. ಒಂದು ಮನೆಯಲ್ಲಿ ಬರೀ ಮುಳ್ಳು, ಇನ್ನೊಂದರಲ್ಲಿ ಬರೀ ಡಯಲ್, ಮತ್ತೊಂದರಲ್ಲಿ ಬರೀ ಕಲ್ಲು ಕೂರಿಸುವ ಕೆಲಸ.

ಇದೆಲ್ಲ ಜೇಬಿನ ವಾಚಿನ ಕಾಲದ ಮಾತು. ಕೈಗೆ ಕಟ್ಟುವ ವಾಚು ಮೊದಲ ಮಹಾಯುದ್ಧದಲ್ಲಿ ಗಂಡಸರ ಕೈಗೂ ಬಂತು. ಅಷ್ಟರಲ್ಲಿ ಸ್ವಿಸ್‌ನವರು ಸಣ್ಣ ಮೆಶಿನ್ ರಾಶಿ ರಾಶಿ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲೇ ಮೆಶಿನ್ ಸಮೇತ ಕೈಗಡಿಯಾರ ಮಾಡಿದವರು ಕೆಲವರೇ, ಕವೆಂಟ್ರಿಯ ರಾಥರ್‌ಹ್ಯಾಮ್ಸ್ ಅವರಲ್ಲೊಬ್ಬರು. ಹಾಗಾಗಿ ನಿಜವಾದ ಇಂಗ್ಲಿಷ್ ಮೆಶಿನ್ ಇರುವ ಆ ಕಾಲದ ಕೈಗಡಿಯಾರ ಕೈಗೆ ಬಂದಾಗ ಕೆಟ್ಟಿದ್ದರೂ ಪರವಾಗಿಲ್ಲ ಅಂತ 140 ಪೌಂಡ್ ಕೊಟ್ಟು ತೆಗೆದುಕೊಂಡೆ.

1. ಇಂಗ್ಲಿಷ್ ವಾಚು ಹೌದೋ ಅಲ್ಲವೋ

ಬೆಳ್ಳಿ ಕೇಸು. ಎರಡೂ ಬದಿಗೆ ಬೆಸುಗೆ ಹಾಕಿದ, ಪಟ್ಟಿ ಸಿಕ್ಕಿಸುವ ತಂತಿ ಕಿವಿಗಳು. ಬಿಳಿ ಎನಾಮಲ್ ಡಯಲ್, 6ರ ಹತ್ತಿರ ಪುಟ್ಟ ಸೆಕೆಂಡ್ ವೃತ್ತ. ಡಯಲ್ ಮೇಲೆ ಅಂಗಡಿಯ ಹೆಸರಿದ್ದ ಜಾಗ ಸವೆದಿದೆ. ಅಂಗಡಿಯವನು ತನ್ನ ಹೆಸರು ಹಾಕಿಸಿಕೊಳ್ಳುವುದು, ಮಾಡಿದವನ ಹೆಸರು ಎಲ್ಲೂ ಇಲ್ಲದಿರುವುದು ಇಲ್ಲಿ ಮಾಮೂಲು.

ಹಿಂದಿನ ಮುಚ್ಚಳದ ಒಳಗೆ ಮೂರು ಮುದ್ರೆ ಸ್ಪಷ್ಟವಾಗಿದ್ದವು: ನಡೆಯುವ ಸಿಂಹ, ಲಂಗರು, ಸಣ್ಣಕ್ಷರದ 'ಆರ್'. ಸಿಂಹ ಇದ್ದರೆ ಬ್ರಿಟನ್ನಿನಲ್ಲೇ ಮಾಡಿದ ಸ್ಟರ್ಲಿಂಗ್ ಬೆಳ್ಳಿ, ಅಂದರೆ ಸಾವಿರಕ್ಕೆ 925 ಪಾಲು. ಲಂಗರು ಬರ್ಮಿಂಗ್‌ಹ್ಯಾಮ್ ಬೆಳ್ಳಿ ಪರೀಕ್ಷಾ ಕಚೇರಿಯದು. ಅಲ್ಲಿ ವರ್ಷಕ್ಕೊಂದು ಅಕ್ಷರ, ಈ 'ಆರ್' ನಡೆದದ್ದು 1916-17ರಲ್ಲಿ. 1907ರ ಜೂನ್‌ನಿಂದ ಹೊರಗಿನಿಂದ ಬಂದ ಕೇಸಿಗೂ ಇಲ್ಲಿ ಮುದ್ರೆ ಕಡ್ಡಾಯವಾಯಿತು, ಆದರೆ ಅವಕ್ಕೆ ಸಿಂಹ ಹಾಕುತ್ತಿರಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಾದರೆ ತ್ರಿಕೋನ ಮತ್ತು .925 ಇರುತ್ತಿತ್ತು.

ಕೇಸು ಇಂಗ್ಲಿಷ್ ಆದ ಮಾತ್ರಕ್ಕೆ ಮೆಶಿನ್ ಇಂಗ್ಲಿಷ್ ಆಗಬೇಕಿಲ್ಲ. ಬರ್ಮಿಂಗ್‌ಹ್ಯಾಮ್ ಕೇಸಿನೊಳಗೆ ಸ್ವಿಸ್ ಮೆಶಿನ್ ಎಷ್ಟೋ ಇವೆ. ತೆರೆದು ನೋಡಿದರೆ ಮುಕ್ಕಾಲು ತಟ್ಟೆ (ಮೆಶಿನ್ನಿನ ಮುಕ್ಕಾಲು ಭಾಗ ಮುಚ್ಚುವ ಲೋಹದ ಹಲಗೆ), ಮಾಸಿದ ಚಿನ್ನದ ಬಣ್ಣ, ನೀಲಿ ಸ್ಕ್ರೂಗಳು. ಎಸ್ಕೇಪ್ ಚಕ್ರ (ಪ್ರತಿ ಟಿಕ್‌ಗೆ ಒಂದು ಹೆಜ್ಜೆ ಸರಿಯುವ ಚಕ್ರ) ಹಿತ್ತಾಳೆಯದು, ಹಲ್ಲುಗಳು ಗರಗಸದ ಹಾಗೆ ಚೂಪು. ಸ್ವಿಸ್ ಚಕ್ರದ ಹಲ್ಲಿನ ತುದಿ ಚಪ್ಪಟೆ ಇರುತ್ತದೆ. ಈ ಚೂಪು ಹಲ್ಲು ನೋಡಿದ ಮೇಲೆ ನನ್ನ ಅನುಮಾನ ಹೋಯಿತು. ತಟ್ಟೆಯ ಅಡ್ಡಳತೆ 29.6 ಮಿ.ಮೀ. ಲಂಕಾಶೈರ್ ಅಳತೆಯಲ್ಲಿ ಇದು ಸೈಜ್ 0: ಒಂದು ಇಂಚು ಮತ್ತು ಮೂವತ್ತರಲ್ಲಿ ಐದು ಭಾಗ. ಅಲ್ಲಿಂದ ಮೇಲೆ ಒಂದೊಂದು ಸೈಜಿಗೆ ಇಂಚಿನ ಮೂವತ್ತನೇ ಒಂದು ಭಾಗ ಜಾಸ್ತಿ.

2. ರೇಡಿಯಂ

ಬಿಚ್ಚುವ ಮೊದಲೇ ಇದನ್ನು ಬರೆಯಬೇಕು. ಮುಳ್ಳುಗಳ ನಡುವಿನ ಟೊಳ್ಳಿನಲ್ಲಿ ಕಂದು ಬಣ್ಣದ ಪೇಂಟ್ ಒಣಗಿ ಬಿರುಕು ಬಿಟ್ಟಿತ್ತು. ಆ ಕಾಲದ ವಾಚಿನಲ್ಲಿ ಅದು ವಿಕಿರಣ ಸೂಸುವ ರೇಡಿಯಂ ಎಂದೇ ತಿಳಿಯಿರಿ. ಕತ್ತಲಲ್ಲಿ ಹೊಳೆಯುವುದಿಲ್ಲ, ಹಾಗಾಗಿ ಸತ್ತಿದೆ ಅಂತ ಅಂದುಕೊಳ್ಳಬೇಡಿ. ಹೊಳೆಯುವ ಸತು ಸಲ್ಫೈಡ್ ಮಾತ್ರ ಸತ್ತಿರುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು.

ಪುಡಿ ಉಸಿರಿನ ಜೊತೆ ಒಳಗೆ ಹೋಗುವುದೇ ಇಲ್ಲಿನ ದೊಡ್ಡ ಅಪಾಯ. ಗ್ಲೌಸ್, ಮಾಸ್ಕ್, ತೆರೆದ ಕಿಟಕಿ, ಕೆಳಗೆ ಒದ್ದೆ ಟಿಶ್ಯೂ. ಮುಳ್ಳು ತೆಗೆದು ಹಿಂಬದಿಯಿಂದ ತೆಳು ಲ್ಯಾಕರ್ ಸವರಿದೆ, ಪುಡಿ ಉದುರದಂತೆ. ಕೆರೆದು ಹೊಸ ಪೇಂಟ್ ಹಾಕುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ. ಟಿಶ್ಯೂ ಮತ್ತು ಗ್ಲೌಸ್ ಮುಚ್ಚಿದ ಚೀಲಕ್ಕೆ ಹಾಕಿ, ಕೈ ತೊಳೆದ ಮೇಲೇ ಮುಂದಿನ ಕೆಲಸ.

3. ಬಿಚ್ಚಿದ್ದು, ತೊಳೆದದ್ದು

ಮೇನ್‌ಸ್ಪ್ರಿಂಗ್ ಬಿಗಿ ಪೂರ್ತಿ ಇಳಿಸಿ, ಬ್ಯಾಲೆನ್ಸ್ ತೆಗೆದೆ. ಕೆಳಗಿನ ಪಿವಟ್ (ಅಚ್ಚಿನ ಸಣ್ಣ ತುದಿ) ಮುರಿದಿತ್ತು, ನಿರೀಕ್ಷಿಸಿದ್ದೇ. ಕೈಗೆ ಕಟ್ಟಿದ ವಾಚಿಗೆ ಬೀಳುವ ಪೆಟ್ಟು ಜೇಬಿನ ವಾಚಿಗೆ ಇಲ್ಲ, ಆಗ ಪೆಟ್ಟು ತಡೆಯುವ ಸ್ಪ್ರಿಂಗ್ ಕಲ್ಲುಗಳೂ ಇರಲಿಲ್ಲ.

ಸ್ಕ್ರೂ ಬಗ್ಗೆ ಒಂದು ಮಾತು. ಕೆಲವು ಸ್ಕ್ರೂಗಳ ತಲೆಯ ಕೆಳಗೆ ಒಂದು, ಎರಡು, ಮೂರು ಚುಕ್ಕೆ ಇವೆ. ತಟ್ಟೆಯ ತೂತಿನ ಪಕ್ಕವೂ ಅಷ್ಟೇ ಚುಕ್ಕೆ. ಒಂದು ತೂತಿಗೆ ಒಂದೇ ಸ್ಕ್ರೂ, ಕೈಯಲ್ಲಿ ಥ್ರೆಡ್ ಕೊಯ್ದು ಹೊಂದಿಸಿದ್ದು. ಎಲ್ಲ ಸ್ಕ್ರೂ ಒಂದೇ ಬಟ್ಟಲಿಗೆ ಹಾಕುವ ಎಚ್‌ಎಂಟಿ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಥರ್ಮಾಕೋಲ್ ಹಲಗೆಯ ಮೇಲೆ ಮೆಶಿನ್ ಚಿತ್ರ ಬರೆದು ಆಯಾ ಜಾಗದಲ್ಲಿ ಚುಚ್ಚಿಟ್ಟೆ.

ತಟ್ಟೆಗಳನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಮೆದು ಬ್ರಷ್‌ನಿಂದ ತೊಳೆದು, ತೂತುಗಳನ್ನು ಚೂಪು ಮಾಡಿದ ಮರದ ಕಡ್ಡಿಯಿಂದ ಕಡ್ಡಿ ಬೆಳ್ಳಗೆ ಬರುವವರೆಗೂ ತಿರುಗಿಸಿ ತೆಗೆದೆ. ಪಾಲಿಶ್ ಮುಟ್ಟಲೇಬಾರದು. ಲೇಪ ತುಂಬಾ ತೆಳು, ಹೋದರೆ ಒಳಗಿನ ಹಿತ್ತಾಳೆ ಕಾಣುತ್ತದೆ. ಪ್ಯಾಲೆಟ್ (ಎಸ್ಕೇಪ್ ಚಕ್ರವನ್ನು ತಡೆದು ಬಿಡುವ ಭಾಗ) ಮತ್ತು ರೋಲರ್‌ನ (ಬ್ಯಾಲೆನ್ಸ್ ಅಚ್ಚಿನ ಪುಟ್ಟ ಬಿಲ್ಲೆ) ಕಲ್ಲುಗಳು ಅರಗಿನಲ್ಲಿ ಕೂತಿರುತ್ತವೆ. ಸ್ಪಿರಿಟ್‌ನಲ್ಲಿ ಅರಗು ಕರಗುತ್ತದೆ. ಅವೆರಡನ್ನೂ ಸ್ಪಿರಿಟ್‌ಗೆ ಹಾಕದೆ ನಾಫ್ತಾದಲ್ಲಿ ಅದ್ದಿ ತಕ್ಷಣ ತೆಗೆದೆ.

4. ಹೊಸ ಬ್ಯಾಲೆನ್ಸ್ ಸ್ಟಾಫ್

ಸ್ಟಾಫ್ ಅಂದರೆ ಬ್ಯಾಲೆನ್ಸ್ ಚಕ್ರದ ಅಚ್ಚು. ಇಡೀ ಕೆಲಸದ ಹೊಟ್ಟೆ ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೆ ಸ್ಟಾಫ್ ಅಳತೆ: ಮೇಲಿನ ಪಿವಟ್ 0.12 ಮಿ.ಮೀ., ರೋಲರ್ ಕೂರುವ ಜಾಗ 0.52, ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸನ್ನು ತೂಗಿಸುವ ಸಪೂರ ಸ್ಪ್ರಿಂಗ್) ಕಾಲರ್ ಕೂರುವ ಜಾಗ 0.80. ಒಟ್ಟು ಉದ್ದ ಮುರಿದ ಸ್ಟಾಫ್‌ನಿಂದ ಸಿಗುವುದಿಲ್ಲ. ಎರಡೂ ಕಡೆ ಪಿವಟ್ ತುದಿ ತಾಗುವ ಮುಚ್ಚುಗಲ್ಲು ತೆಗೆದು, ಕಾಕ್ (ಬ್ಯಾಲೆನ್ಸ್ ಮೇಲಿನ ಸೇತುವೆ) ಬಿಗಿ ಮಾಡಿ, ಪಿವಟ್ ತಿರುಗುವ ತೂತುಗಲ್ಲುಗಳ ಹೊರಮುಖದಿಂದ ಹೊರಮುಖಕ್ಕೆ ಮೈಕ್ರೋಮೀಟರ್ ಹಿಡಿದೆ. ಎಣ್ಣೆಗೆ ಬಿಟ್ಟ ಸಂದು ಸೇರಿಸಿದರೆ ಮುಚ್ಚುಗಲ್ಲುಗಳ ನಡುವೆ 4.89. ಮೇಲೆ ಕೆಳಗೆ ಆಡಲು 0.03 ಬಿಟ್ಟು 4.86 ಅಂತ ಇಟ್ಟುಕೊಂಡೆ.

ಈ ಸ್ಟಾಫ್ ಕಟ್ಟಿರುವ ರೀತಿಯೇ ಬೇರೆ. ನಾನು ನೋಡಿದ ಸ್ವಿಸ್ ಮತ್ತು ಎಚ್‌ಎಂಟಿ ಸ್ಟಾಫ್‌ಗಳೆಲ್ಲ ಪೂರ್ತಿ ಉಕ್ಕು, ಬ್ಯಾಲೆನ್ಸ್ ಚಕ್ರ ಆ ಉಕ್ಕಿನ ಮೇಲೇ ರಿವಿಟ್ ಆಗಿರುತ್ತದೆ. ಇದರಲ್ಲಿ ಉಕ್ಕಿನ ಕಡ್ಡಿಗೆ ಹಿತ್ತಾಳೆ ಬಳೆ ಕೂರಿಸಿ, ಚಕ್ರವನ್ನು ಆ ಹಿತ್ತಾಳೆಗೆ ರಿವಿಟ್ ಮಾಡಿದ್ದಾರೆ. ಮುಂದೆ ರಿಪೇರಿ ಮಾಡುವವನ ಮೇಲೆ ಕರುಣೆ ಇಟ್ಟು ಮಾಡಿದ ಕೆಲಸ ಇದು. ಹಿತ್ತಾಳೆ ರಿವಿಟ್ಟನ್ನು ಲೇತ್‌ನಲ್ಲಿ ಕೊಯ್ದರೆ ಚಕ್ರದ ತೋಳಿಗೆ ಗೀರೂ ಬೀಳುವುದಿಲ್ಲ.

ಉಪಕರಣ: 8 ಮಿ.ಮೀ. ವಾಚ್ ಲೇತ್, ಕೈಯಲ್ಲಿ ಹಿಡಿಯುವ ಗ್ರೇವರ್ ಉಳಿ, 1.2 ಮಿ.ಮೀ. ನೀಲಿ ಉಕ್ಕಿನ ಕಡ್ಡಿ (ಆಗಲೇ ಗಡಸು ಮಾಡಿ ಹದ ಇಳಿಸಿದ್ದು), ಪಿವಟ್ ಉಜ್ಜಲು ಹಳೆ ಜಾಕೋ ಟೂಲ್. ಹಿಂದಿನ ಇಂಗ್ಲಿಷ್ ಕೆಲಸಗಾರರು ಲೇತ್ ಕೂಡ ಬಳಸದೆ, ಎರಡು ಮೊನೆಗಳ ನಡುವೆ ಕಡ್ಡಿ ಸಿಕ್ಕಿಸಿ, ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತಾ ಇನ್ನೊಂದು ಕೈಯಲ್ಲಿ ಕೊಯ್ಯುತ್ತಿದ್ದರು. ನನ್ನ ಕೈಗೆ ಅದು ಬಗ್ಗಲಿಲ್ಲ. ಮೋಟಾರ್ ಇರುವಾಗ ಹಟ ಯಾಕೆ ಅಂತ ಲೇತ್‌ಗೆ ಬಂದೆ.

ಮೊದಲು ಕೆಳಭಾಗ. ರೋಲರ್ ಜಾಗವನ್ನು ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟು 0.52ಕ್ಕೆ ತಂದೆ. ಪಿವಟ್ 0.16ಕ್ಕೆ ನಿಲ್ಲಿಸಿದೆ, ಉಳಿದದ್ದು ಉಜ್ಜಿ ಇಳಿಸಲು. ಹಿತ್ತಾಳೆ ಬಳೆ ಒತ್ತಿ ಕೂರಿಸಿದೆ. ಕಡ್ಡಿ ಕತ್ತರಿಸಿ ತಿರುಗಿಸಿ ಹಿಡಿಯಬೇಕು. ಇಲ್ಲಿ ಲೇತ್‌ನ ಹಿಡಿಕೆಯಾದ ಕಾಲೆಟ್ ನಂಬಿದರೆ ಎರಡು ತುದಿ ಒಂದೇ ಸಾಲಿಗೆ ಬರುವುದಿಲ್ಲ. ಹಳೆಯವರ ಉಪಾಯವೇ ಸರಿ: ಹಿತ್ತಾಳೆ ತುಂಡಿನ ನಡುವೆ ಕೋನಾಕಾರದ ಗುಳಿ ಕೊಯ್ದು, ಅರಗು ಕರಗಿಸಿ ತುಂಬಿ, ಅದು ಮೆತ್ತಗಿರುವಾಗಲೇ ಸ್ಟಾಫ್ ಚುಚ್ಚಿ, ಲೇತ್ ನಿಧಾನ ತಿರುಗಿಸುತ್ತಾ ಮರದ ಕಡ್ಡಿಯಿಂದ ಸಾಲಿಗೆ ತರುವುದು. ಆರಿದ ಮೇಲೆ ಮೇಲ್ಭಾಗ ಮತ್ತು ಚಕ್ರದ ಪೀಠ ಕೊಯ್ದೆ. ಕೊನೆಗೆ ಸ್ಪಿರಿಟ್‌ನಲ್ಲಿ ಅರಗು ಬಿಡಿಸಿದೆ.

ಆಮೇಲೆ ಜಾಕೋ ಟೂಲ್. ಬಿಲ್ಲು ಎಳೆಯುತ್ತಾ ಬರ್ನಿಶರ್‌ನಿಂದ ಪಿವಟ್ ಉಜ್ಜಿ 0.16ರಿಂದ ಇಳಿಸುತ್ತಾ ಬಂದೆ. 0.13ಕ್ಕೆ ಬಂದಾಗ ಪಿವಟ್ ಬುಡದಲ್ಲೇ ಕಟ್ ಆಯಿತು. ಜೋರಾಗಿ ಒತ್ತಿದ್ದಕ್ಕೆ ಅಂದುಕೊಂಡೆ. ತುಂಡನ್ನು ಐ ಗ್ಲಾಸ್‌ನಲ್ಲಿ ನೋಡಿದಾಗ ಕಾರಣ ಬೇರೆ ಇತ್ತು. ಗ್ರೇವರ್ ಮೊನೆ ತೀರಾ ಚೂಪಾಗಿತ್ತು, ಪಿವಟ್ ಬುಡದಲ್ಲಿ ಸುತ್ತ ಒಂದು ಗೀರು ಕೊಯ್ದಿತ್ತು. ಉಜ್ಜಿದಷ್ಟೂ ಹೊರಗೆ ನುಣುಪು, ಬುಡದಲ್ಲಿ ಮಾತ್ರ ಗೀರು ಹಾಗೇ. ಬಳೆಯಲ್ಲದೆ ಇಡೀ ಸ್ಟಾಫ್ ಕಸಕ್ಕೆ.

ಹೊಸದಾಗಿ ಶುರು ಮಾಡುವ ಮೊದಲು ಗ್ರೇವರ್ ಮೊನೆಯನ್ನು ಕಲ್ಲಿನ ಮೇಲೆ ಸ್ವಲ್ಪ ದುಂಡಗೆ ಮಾಡಿಕೊಂಡೆ, ಪಿವಟ್ ಬುಡ ತುತ್ತೂರಿ ಬಾಯಿಯಂತೆ ಅಗಲವಾಗಿ ಬರುವ ಹಾಗೆ. ಈ ಸಲ 0.12ಕ್ಕೆ ಬಂತು. ತೂತುಗಲ್ಲು 0.13. ಕಲ್ಲನ್ನು ಓರೆ ಮಾಡಿದರೆ ಸ್ಟಾಫ್ ತನ್ನ ಭಾರಕ್ಕೇ ಜಾರಿ ಕೂರುತ್ತದೆ. ಚಕ್ರ ರಿವಿಟ್ ಮಾಡಿ, ರೋಲರ್ ಒತ್ತಿ, ಸಮತೂಕ ನೋಡಿದೆ. ಒಂದು ಬದಿ ಭಾರ ಇತ್ತು. ಹಳೆ ಸ್ಕ್ರೂ ಕೊರೆಯಲು ಮನಸ್ಸಾಗಲಿಲ್ಲ, ಎದುರು ಬದಿಯ ಸ್ಕ್ರೂ ಕೆಳಗೆ ತೆಳು ವಾಷರ್ ಹಾಕಿದೆ. ಬೇಕಾದರೆ ನಾಳೆ ಯಾರಾದರೂ ತೆಗೆಯಬಹುದು.

5. ಮೇನ್‌ಸ್ಪ್ರಿಂಗ್

ಹಳೆಯದು ಸೋತಿತ್ತು. ಅದು ಕೂರುವ ಡಬ್ಬಿ, ಅಂದರೆ ಬ್ಯಾರೆಲ್‌ನಿಂದ ಹೊರಗೆ ಬಂದ ಮೇಲೂ ಸುರುಳಿಯಾಗೇ ಬಿದ್ದಿತ್ತು. ಅಗಲ 1.80, ದಪ್ಪ 0.16 ಮಿ.ಮೀ. ಅದೇ ಅಳತೆಯ ಹಳೆ ದಾಸ್ತಾನಿನ ನೀಲಿ ಉಕ್ಕಿನ ಸ್ಪ್ರಿಂಗ್ 12 ಪೌಂಡ್‌ಗೆ ಸಿಕ್ಕಿತು.

ತೊಂದರೆ ತುದಿಯಲ್ಲಿ. ಈ ಬ್ಯಾರೆಲ್ ಗೋಡೆಯಲ್ಲಿ ಒಂದು ಕೊಕ್ಕೆ ಇದೆ, ಸ್ಪ್ರಿಂಗ್ ತುದಿಯಲ್ಲಿ ತೂತು ಬೇಕು. ಹೊಸ ಸ್ಪ್ರಿಂಗ್‌ನ ತುದಿ ಬೇರೆ ಥರ. ತುದಿಯ 8 ಮಿ.ಮೀ. ಅನ್ನು ದೀಪದ ಉರಿಯಲ್ಲಿ ಕಾಯಿಸಿ ಮೆದು ಮಾಡಿ, ತೂತು ಹೊಡೆದು, ಒಳಮುಖ ಓರೆಯಾಗಿ ಅರದಿಂದ ತೀಡಿದೆ. ಚಾವಿ ಕೊಡುತ್ತಾ ಕೊನೆಗೆ ಬಂದಾಗ ಪಟ್ ಅಂತ ಸದ್ದು. ತೂತು ತುದಿಗೆ ತೀರಾ ಹತ್ತಿರವಾಗಿ ಹರಿದುಹೋಗಿತ್ತು. ಆ ತುಂಡು ಕತ್ತರಿಸಿ, ಒಳಗೆ ಸರಿದು, ತೂತಿನಾಚೆ ಸುಮಾರು 2 ಮಿ.ಮೀ. ಲೋಹ ಬಿಟ್ಟು ಮತ್ತೆ ಹೊಡೆದೆ. ಈಗ ನಿಂತಿದೆ. ನೆನಪಿಡಿ, ಈಗಿನ ಬಿಳಿ ಮಿಶ್ರಲೋಹದ ಸ್ಪ್ರಿಂಗ್ ಹೀಗೆ ಉರಿಗೆ ಬಗ್ಗುವುದಿಲ್ಲ. ಈ ಕೆಲಸಕ್ಕೆ ಹಳೆ ಕಾರ್ಬನ್ ಉಕ್ಕಿನದೇ ಬೇಕು.

6. ಜೋಡಣೆ, ಎಣ್ಣೆ, ಮತ್ತು ಹುಚ್ಚು ಹಿಡಿಸಿದ ಟೈಮಿಂಗ್

ಬ್ಯಾಲೆನ್ಸ್ ಪಿವಟ್‌ಗಳಿಗೆ ಮೋಬಿಯಸ್ ಕಂಪನಿಯ 9010 ಎಣ್ಣೆ, ನಿಧಾನ ತಿರುಗುವ ಬ್ಯಾರೆಲ್ ಕಡೆಗೆ ಡಿ5, ಸ್ಪ್ರಿಂಗ್‌ಗೆ 8200. ಪ್ಯಾಲೆಟ್ ಪಿವಟ್‌ಗೆ ಎಣ್ಣೆ ಹಾಕಲಿಲ್ಲ. ಹೇರ್‌ಸ್ಪ್ರಿಂಗ್ ನೀಲಿ ಉಕ್ಕು, ಅಯಸ್ಕಾಂತ ಹಿಡಿದಿತ್ತು. ಡಿಮ್ಯಾಗ್ನೆಟೈಸರ್‌ನಲ್ಲಿ ಇಳಿಸಿದೆ.

ಓಡಿತು. ಟೈಮಿಂಗ್ ಮೆಶಿನ್ ಮೇಲೆ ಇಟ್ಟರೆ ಪರದೆ ತುಂಬಾ ಮಳೆ ಬಿದ್ದ ಹಾಗೆ ಚುಕ್ಕೆ, ಒಂದೂ ಗೆರೆ ಇಲ್ಲ. ಎಸ್ಕೇಪ್‌ಮೆಂಟ್ ಹಾಳು ಅಂದುಕೊಂಡು ಮತ್ತೆ ಬಿಚ್ಚಿದೆ, ಏನೂ ಸಿಗಲಿಲ್ಲ. ಆಮೇಲೆ ಹೊಳೆಯಿತು. ಟೈಮಿಂಗ್ ಮೆಶಿನ್ ತಾನಾಗಿ ಗಂಟೆಗೆ 18,000 ಬಡಿತ ಅಂತ ಹಿಡಿದಿತ್ತು. ಹಲ್ಲು ಎಣಿಸಿದೆ: ನಿಮಿಷಕ್ಕೊಂದು ಸುತ್ತು ಬರುವ ನಾಲ್ಕನೇ ಚಕ್ರ 63, ಎಸ್ಕೇಪ್ ಚಕ್ರದ ಪಿನಿಯನ್ (ಅಚ್ಚಿನ ಪುಟ್ಟ ಹಲ್ಲುಚಕ್ರ) 7. ಅಂದರೆ ನಿಮಿಷಕ್ಕೆ ಎಸ್ಕೇಪ್ ಚಕ್ರ 9 ಸುತ್ತು. ಅದಕ್ಕೆ 15 ಹಲ್ಲು, ಹಲ್ಲಿಗೆ ಎರಡು ಬಡಿತ. 270. ಗಂಟೆಗೆ 16,200. ಟೈಮಿಂಗ್ ಮೆಶಿನ್ನಿಗೆ ಆ ಸಂಖ್ಯೆ ಕೈಯಲ್ಲಿ ಕೊಟ್ಟ ಕೂಡಲೇ ಎರಡು ಚಂದದ ಗೆರೆ ಬಂದವು. ಹಳೆ ಇಂಗ್ಲಿಷ್ ವಾಚು 14,400, 16,200, 18,000 ಯಾವುದೂ ಆಗಿರಬಹುದು. ಮೊದಲು ಹಲ್ಲು ಎಣಿಸಿ, ಆಮೇಲೆ ಟೈಮಿಂಗ್ ಮೆಶಿನ್.

ಇನ್ನೊಂದು ಕಾಟ ಉಳಿದಿತ್ತು. ಡಯಲ್ ಮೇಲೆ ಮಾಡಿ ಇಟ್ಟರೆ ಓಡುತ್ತದೆ, ಚಾವಿ ಕೊಡುವ ಬದಿಯ ತಿರುಪು ಮೇಲೆ ಬರುವಂತೆ ನಿಲ್ಲಿಸಿದರೆ ಸುಸ್ತಾಗಿ ನಿಲ್ಲುತ್ತದೆ. ಪಿವಟ್ ದಪ್ಪವಾಯಿತೇನೋ ಅಂತ ಸುಮ್ನೆ ಅಲ್ಲೇ ತಲೆ ಕೆಡಿಸಿಕೊಂಡೆ. ಕಾರಣ ಗಾರ್ಡ್ ಪಿನ್. ಇದು ಒಂದೇ ರೋಲರ್‌ನ ಲಿವರ್ (ಪ್ಯಾಲೆಟ್ ಹೊತ್ತ ಕೈ), ಆ ಲಿವರ್ ತುದಿಯಲ್ಲಿ ನಿಂತ ಪುಟ್ಟ ಹಿತ್ತಾಳೆ ಪಿನ್ ರೋಲರ್ ಅಂಚಿನ ಪಕ್ಕ ಕಾವಲು ಇರುತ್ತದೆ. ಹಳೆ ಸ್ಟಾಫ್ ಮುರಿದಾಗ ಚಕ್ರ ಓಲಾಡಿ ಆ ಪಿನ್ ಒಳಕ್ಕೆ ಬಾಗಿರಬೇಕು. ರೋಲರ್ ಅಂಚಿಗೆ ಸವರುತ್ತಿತ್ತು, ಅಂಚಿನಲ್ಲಿ ಹಿತ್ತಾಳೆ ಬಣ್ಣದ ಗೆರೆಯೂ ಇತ್ತು. ಚಿಮಟದ ತುದಿಯಿಂದ ಕೂದಲೆಳೆಯಷ್ಟು ಹೊರಕ್ಕೆ ಬಾಗಿಸಿದೆ. ಬಾಗಿಸುವಾಗ ಲಿವರ್ ಕೈಯನ್ನು ಇನ್ನೊಂದು ಚಿಮಟದಲ್ಲಿ ಹಿಡಿದಿರಲೇಬೇಕು, ಇಲ್ಲದಿದ್ದರೆ ಪ್ಯಾಲೆಟ್ ಪಿವಟ್ ಹೋಗುತ್ತದೆ.

ಈಗಿನ ಲೆಕ್ಕ: ಡಯಲ್ ಮೇಲೆ ದಿನಕ್ಕೆ +12 ಸೆಕೆಂಡ್, ಡಯಲ್ ಕೆಳಗೆ +20, ಚಾವಿ ಮೇಲೆ −35. ಅಂಚು ಸೀಳಿದ ಬ್ಯಾಲೆನ್ಸ್‌ನ ರಿಮ್ ಬಾಗಿಸಿ ಇನ್ನೂ ಹತ್ತಿರ ತರಬಹುದು ಅಂತ ಪುಸ್ತಕಗಳು ಹೇಳುತ್ತವೆ. ನಾನು ಮುಟ್ಟುವುದಿಲ್ಲ.

7. ಕಿವಿ, ಗಾಜು, ಪಟ್ಟಿ

ಒಂದು ತಂತಿ ಕಿವಿ ಅಲ್ಲಾಡುತ್ತಿತ್ತು. ಹಿಂದೆ ಯಾರೋ ಸೀಸದ ಬೆಸುಗೆ ಹಾಕಿದ್ದರು. ಅದರ ಮೇಲೇ ಬೆಳ್ಳಿ ಬೆಸುಗೆಯ ಶಾಖ ಕೊಟ್ಟರೆ ಸೀಸ ಬೆಳ್ಳಿಯೊಳಗೆ ಇಳಿದು ಕೇಸು ತಿಂದುಹಾಕುತ್ತದೆ. ಇದನ್ನು ಬರ್ಮಿಂಗ್‌ಹ್ಯಾಮಿನ ಜ್ಯುವೆಲರಿ ಕ್ವಾರ್ಟರ್‌ನ ಒಬ್ಬ ಬೆಳ್ಳಿ ಕೆಲಸಗಾರರಿಗೆ ಕೊಟ್ಟೆ. ಸೀಸ ಪೂರ್ತಿ ಕೆರೆದು ತೆಗೆದು ಹೊಸದಾಗಿ ಬೆಸೆದರು, 35 ಪೌಂಡ್. ಮುದ್ರೆಗಳ ಮೇಲೆ ಬಫ್ ಹಾಕಬೇಡಿ ಅಂತ ಮೊದಲೇ ಕೇಳಿಕೊಂಡಿದ್ದೆ.

ಗಾಜು 9 ಪೌಂಡ್. ಕಿವಿ ಬಿಚ್ಚಲು ಬರುವುದಿಲ್ಲ, ಆದ್ದರಿಂದ ಕೆಳಗಿನಿಂದ ತೂರಿಸುವ ಒಂದೇ ತುಂಡಿನ ಚರ್ಮದ ಪಟ್ಟಿ, 22. ನೀಲಿ ಉಕ್ಕಿನ ಕಡ್ಡಿಗಳು 6. ಜಾಕೋ ಟೂಲ್ ಸೆಕೆಂಡ್‌ಹ್ಯಾಂಡ್ 95, ಅದನ್ನು ಈ ವಾಚಿನ ಖಾತೆಗೆ ಹಾಕಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ನಡೆದಿದೆ. ಅದನ್ನು ಬಿಟ್ಟರೆ ವಾಚಿನ ಬೆಲೆ ಸೇರಿ 224 ಪೌಂಡ್.

8. ಉಳಿದಿರುವುದು

ಮುಳ್ಳು ತಿರುಗಿಸಲು ಕೇಸಿನ ಬದಿಯ ಪುಟ್ಟ ಗುಂಡಿಯನ್ನು ಉಗುರಿನಿಂದ ಒತ್ತಿ ಹಿಡಿದು ಚಾವಿ ತಿರುಗಿಸಬೇಕು. ಗುಂಡಿ ಬಿಟ್ಟರೂ ಕೆಲವೊಮ್ಮೆ ವಾಪಸು ಬರುವುದಿಲ್ಲ, ಒಳಗಿನ ಸ್ಪ್ರಿಂಗ್ ಸವೆದಿದೆ. ಆಗ ಚಾವಿ ಕೊಡಲು ಹೋದರೆ ಮುಳ್ಳು ತಿರುಗುತ್ತದೆ. ಉಳಿದ ನೀಲಿ ಉಕ್ಕಿನಿಂದ ಹೊಸದು ಮಾಡಬೇಕು, ಆದರೆ ಅದನ್ನು ಹಿಡಿದಿರುವ ಸ್ಕ್ರೂವಿನ ಥ್ರೆಡ್ ಅರ್ಧ ಸವೆದಿದೆ, ನನ್ನ ಬಳಿ ಇರುವ ಯಾವ ಡೈಗೂ ಹೊಂದುತ್ತಿಲ್ಲ. ಹಳೆ ಇಂಗ್ಲಿಷ್ ಸ್ಕ್ರೂ ಪ್ಲೇಟ್ (ಥ್ರೆಡ್ ಕೊಯ್ಯುವ ತೂತುಗಳಿರುವ ಉಕ್ಕಿನ ಪಟ್ಟಿ) ಯಾರ ಹತ್ತಿರವಾದರೂ ಇದ್ದರೆ ಸುಮಾರು 0.7 ಮಿ.ಮೀ. ಹತ್ತಿರದ ತೂತುಗಳ ಥ್ರೆಡ್ ಅಳತೆ ತಿಳಿಸಿ. ಅಲ್ಲಿಯವರೆಗೆ ಟೈಮ್ ಸೆಟ್ ಮಾಡಿದ ಮೇಲೆ ಗುಂಡಿಯನ್ನು ಉಗುರಿನಿಂದ ಹೊರಗೆಳೆದು, ಆಮೇಲೆ ಚಾವಿ ಕೊಡುತ್ತಿದ್ದೇನೆ.